ದಫ್ತರಿಗೆ ಸೇರದ ನೆನಪುಗಳು

ನಮ್ಮ ಕಡೆ ಗಲ್ಫಿಗೆ ಹೋಗಿ ಬಂದ ಹಿರಿಯರ ಹಳೆಯ ಪಾಸ್‌ಪೋರ್ಟುಗಳು ಟ್ರಂಕಿನ ತಳದಲ್ಲಿ ಈಗಲೂ ಸಿಗುತ್ತವೆ. ಯಾವ ಯಾವ ದೇಶಗಳಿಗೆ ಹೋಗಬಹುದು ಎಂದು ಬರೆದ ಪುಟದಲ್ಲಿ ದಕ್ಷಿಣ ಆಫ್ರಿಕಾ ಗಣರಾಜ್ಯವನ್ನು ಬಿಟ್ಟು ಎಂಬರ್ಥದ ಒಂದು ಸಾಲು ಇರುತ್ತಿತ್ತು. 1946ರಲ್ಲೇ ಭಾರತ ಆ ದೇಶದೊಂದಿಗಿನ ವ್ಯಾಪಾರ ನಿಲ್ಲಿಸಿತ್ತು, ವಿಶ್ವಸಂಸ್ಥೆಯಲ್ಲಿ ದೂರು ಕೊಟ್ಟಿತ್ತು. 1974ರಲ್ಲಿ ಡೇವಿಸ್ ಕಪ್ ಫೈನಲಿನಲ್ಲಿ ದಕ್ಷಿಣ ಆಫ್ರಿಕಾದೆದುರು ಆಡಲಾರೆವೆಂದು ನಮ್ಮವರು ಕಪ್ಪನ್ನೇ ಬಿಟ್ಟುಕೊಟ್ಟಿದ್ದರು. 1991ರ ನವೆಂಬರ್ 10ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಆ ದೇಶದ ಕ್ರಿಕೆಟ್ ತಂಡ ಇಪ್ಪತ್ತೊಂದು ವರ್ಷಗಳ ಬಹಿಷ್ಕಾರ ಮುಗಿಸಿ ಆಡಲಿಳಿದಾಗ ನಾವಿನ್ನೂ ಚಿಕ್ಕ ಹುಡುಗರು. ಇವರು ಇಷ್ಟು ವರ್ಷ ಯಾಕೆ ಆಡುತ್ತಿರಲಿಲ್ಲ ಎಂದು ಕೇಳಿದರೆ, "ಅಲ್ಲಿ ಬಿಳಿಯರು ಕರಿಯರನ್ನು ಸೇರಿಸುತ್ತಿರಲಿಲ್ಲ" ಎಂದಷ್ಟೇ ಉತ್ತರ ಬಂದಿತ್ತು.

ಸೇರಿಸುತ್ತಿರಲಿಲ್ಲ ಎಂದರೆ ಹೇಗೆ? ಶಾಲೆಯ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿರುವುದು ದೊಡ್ಡವರ ಕಥೆ. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ್ದು, 1990ರಲ್ಲಿ ಮಂಡೇಲಾ ಜೈಲಿನಿಂದ ಹೊರಬಂದದ್ದು. ಈ ಎರಡರ ನಡುವೆ ಕೋಟ್ಯಂತರ ಜನ ಬೆಳಿಗ್ಗೆ ಎದ್ದು ಬಸ್ಸು ಹಿಡಿದರು, ಅಂಗಡಿಗೆ ಹೋದರು, ಮಕ್ಕಳನ್ನು ಶಾಲೆಗೆ ಕಳಿಸಿದರು, ಅಡುಗೆ ಮಾಡಿದರು. ಅವರ ದಿನ ಹೇಗೆ ಕಳೆಯುತ್ತಿತ್ತು? ಕಥೆ ಬರೆಯುವ ನಮಗೆ ಕಾಯ್ದೆಗಿಂತ ಇದರ ಮೇಲೆಯೇ ಕಣ್ಣು. ಆದರೆ ಕಾಯ್ದೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಯಾಕೆಂದರೆ ಅಲ್ಲಿ ಕಾಯ್ದೆ ನ್ಯಾಯಾಲಯದಲ್ಲಿ ಕೂತಿರಲಿಲ್ಲ, ಅಡುಗೆಮನೆಯಲ್ಲಿ ಕೂತಿತ್ತು.

ಬಿಳಿಯರ ಮೇಲುಗೈ ಅಲ್ಲಿ ಹಳೆಯದು. ಅದನ್ನು ಅಚ್ಚುಕಟ್ಟಾದ ಆಡಳಿತವಾಗಿ ಮಾಡಿದ್ದು 1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಾರ್ಟಿ. 1949ರಲ್ಲಿ ಬಿಳಿಯರು ಇತರರನ್ನು ಮದುವೆಯಾಗುವುದು ನಿಷಿದ್ಧವಾಯಿತು. 1950ರಲ್ಲಿ ಎರಡು ಕಾಯ್ದೆಗಳು ಬಂದವು. ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬರನ್ನೂ ಒಂದು ಜನಾಂಗದ ಹೆಸರಿನಲ್ಲಿ ಬರೆದುಕೊಂಡಿತು. ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಜನಾಂಗದವರು ಯಾವ ಬೀದಿಯಲ್ಲಿ ಇರಬೇಕೆಂದು ಗೆರೆ ಎಳೆಯಿತು. 1953ರ ಇನ್ನೊಂದು ಕಾಯ್ದೆ ಬೆಂಚು, ಬಸ್ಸು, ಕಡಲತೀರ, ಶೌಚಾಲಯ ಎಲ್ಲವನ್ನೂ ಬೇರೆ ಮಾಡಿತು. ಹೀಗೆ ಬೇರೆ ಮಾಡಿದ ಸೌಕರ್ಯಗಳು ಸಮಾನವಾಗಿರಬೇಕಾಗಿಲ್ಲ ಎಂಬುದನ್ನೂ ಆ ಕಾಯ್ದೆ ಸಂಕೋಚವಿಲ್ಲದೆ ಸೇರಿಸಿಕೊಂಡಿತ್ತು. ಕಪಟವಿಲ್ಲದ ದುಷ್ಟತನವೂ ಲೋಕದಲ್ಲಿದೆ.

ಜನರನ್ನು ಬರೆದುಕೊಳ್ಳಬೇಕಾದರೆ ಯಾರು ಏನು ಎಂದು ಗುರುತಿಸಬೇಕಲ್ಲ? ಬಿಳಿಯರು, ಆಫ್ರಿಕನ್ನರು, ಮಿಶ್ರ ಮೂಲದ 'ಕಲರ್ಡ್' ಜನ, ಆಮೇಲೆ ಪ್ರತ್ಯೇಕವಾಗಿ ಭಾರತೀಯರು. ಕಲರ್ಡ್ ಒಳಗೆ ಮತ್ತೆ ಮಲಾಯ್, ಗ್ರಿಕ್ವಾ ಎಂಬ ಕವಲುಗಳು. ಅನುಮಾನ ಬಂದಲ್ಲಿ ಅಧಿಕಾರಿ ಒಂದು ಪೆನ್ಸಿಲನ್ನು ತಲೆಗೂದಲಿಗೆ ಸಿಕ್ಕಿಸುತ್ತಿದ್ದ. ಜಾರಿ ಕೆಳಗೆ ಬಿದ್ದರೆ ಒಂದು ಜನಾಂಗ, ಗುಂಗುರು ಕೂದಲಲ್ಲಿ ನಿಂತರೆ ಇನ್ನೊಂದು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಜನಾಂಗಕ್ಕೆ ಸೇರಿದ್ದುಂಟು. ಹೆಣ್ಣುಮಕ್ಕಳ ಕೂದಲನ್ನು ಕಾಯಿಸಿದ ಬಾಚಣಿಗೆಯಿಂದ ನೇರ ಮಾಡುವುದು ಅಲ್ಲಿ ಅಲಂಕಾರವಷ್ಟೇ ಆಗಿರಲಿಲ್ಲ. ಮಗಳಿಗೆ ಯಾವ ಶಾಲೆ, ಯಾವ ಕೆಲಸ, ಯಾವ ಬೀದಿ ಸಿಗುತ್ತದೆ ಎಂಬುದು ಆ ಬಾಚಣಿಗೆಯ ಹಲ್ಲಿನಲ್ಲಿತ್ತು.

ಸಾಂಡ್ರಾ ಲೇಂಗ್ ಎಂಬ ಹುಡುಗಿಯ ಕಥೆ ಲೋಕಕ್ಕೆಲ್ಲ ಗೊತ್ತು. 1955ರಲ್ಲಿ ಹುಟ್ಟಿದವಳು. ತಂದೆ ತಾಯಿ ಇಬ್ಬರೂ ಕಾಗದದ ಮೇಲೆ ಬಿಳಿಯರು, ಸರ್ಕಾರದ ಪಕ್ಷದ ಬೆಂಬಲಿಗರು. ಮಗಳ ಮೈಬಣ್ಣ ಕಂದು, ಕೂದಲು ಗುಂಗುರು. ಹತ್ತು ವರ್ಷದವಳಿದ್ದಾಗ, 1966ರಲ್ಲಿ, ಪೊಲೀಸರು ಅವಳನ್ನು ಬಿಳಿಯರ ಶಾಲೆಯಿಂದ ಹೊರಗೆ ಕರೆದೊಯ್ದರು. ಸರ್ಕಾರ ಅವಳನ್ನು ಕಲರ್ಡ್ ಎಂದು ಬರೆಯಿತು. ತಂದೆ ಕೋರ್ಟು ಹತ್ತಿದ. 1967ರಲ್ಲಿ ಕಾಯ್ದೆಯೇ ಬದಲಾಗಿ ಅವಳು ಮತ್ತೆ ಬಿಳಿಯಳಾದಳು. ಮುಂದೆ ಅವಳು ಒಬ್ಬ ಕಪ್ಪು ವ್ಯಕ್ತಿಯ ಜೊತೆ ಬಾಳಲು ಹೋದಾಗ, ಅವಳಿಗಾಗಿ ಕೋರ್ಟು ಹತ್ತಿದ್ದ ಅದೇ ತಂದೆ ಮಗಳ ಮುಖ ನೋಡಲಿಲ್ಲ. ಮಕ್ಕಳನ್ನು ತನ್ನ ಬಳಿ ಉಳಿಸಿಕೊಳ್ಳಲು ಅವಳೇ ತನ್ನನ್ನು ಕಲರ್ಡ್ ಎಂದು ಬರೆದುಕೊಳ್ಳಿರೆಂದು ಸರ್ಕಾರವನ್ನು ಬೇಡಬೇಕಾಯಿತು.

ಇದು ಒಬ್ಬಳ ಪಾಡಲ್ಲ. ಜನಾಂಗ ಬದಲಿಸಿಕೊಂಡವರ ಲೆಕ್ಕವನ್ನು ಪ್ರತಿ ವರ್ಷ ಸಂಸತ್ತಿನಲ್ಲಿ ಓದಿ ಹೇಳುತ್ತಿದ್ದರು. 1985ರ ಲೆಕ್ಕದಲ್ಲಿ 702 ಕಲರ್ಡ್ ಜನ ಬಿಳಿಯರಾದರು, 19 ಬಿಳಿಯರು ಕಲರ್ಡ್ ಆದರು. 21 ಭಾರತೀಯರು ಮಲಾಯ್ ಆದರು, 30 ಮಲಾಯರು ಭಾರತೀಯರಾದರು. ಕಪ್ಪು ಜನರಲ್ಲಿ ಯಾರೊಬ್ಬರೂ ಬಿಳಿಯರಾಗಲಿಲ್ಲ, ಬಿಳಿಯರಲ್ಲಿ ಯಾರೊಬ್ಬರೂ ಕಪ್ಪು ಜನರಾಗಲಿಲ್ಲ. ಭಾರತೀಯ ಮತ್ತು ಮಲಾಯ್ ಎಂಬ ಆ ಎರಡು ಅಂಕಿಗಳ ಮೇಲೆ ಓದುಗರು ಒಂದು ಕ್ಷಣ ನಿಲ್ಲಬೇಕು. ಒಂದೇ ಕಿಬ್ಲಾಕ್ಕೆ ಮುಖ ಮಾಡಿ, ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಮಾಝ್ ಮಾಡುವ ಜನ. ಸಲಾಮ್ ಹೇಳಿ ಮಸೀದಿಯ ಮೆಟ್ಟಿಲಿಳಿದರೆ ಒಬ್ಬರ ಬಡಾವಣೆ ಒಂದು ದಿಕ್ಕಿಗೆ, ಇನ್ನೊಬ್ಬರ ಬಡಾವಣೆ ಇನ್ನೊಂದು ದಿಕ್ಕಿಗೆ.

ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದ ಆಫ್ರಿಕನ್ ಹೆಂಗಸರ ನೆನಪುಗಳಲ್ಲಿ ಒಂದು ಎನಾಮಲ್ ತಟ್ಟೆ, ಒಂದು ತಗಡಿನ ಲೋಟ ಮತ್ತೆ ಮತ್ತೆ ಬರುತ್ತವೆ. ಮನೆಯ ಅಡುಗೆ ಅವಳದ್ದೇ ಕೈಯದು. ಮಗುವಿಗೆ ತುತ್ತು ಕೊಡುವವಳೂ ಅವಳೇ. ಆದರೆ ಅವಳು ಉಣ್ಣುವ ತಟ್ಟೆ ಬೇರೆ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಅದರ ಜಾಗ. ಹಿತ್ತಲಿನ ಒಂದು ಕೋಣೆಯಲ್ಲಿ ಅವಳು ಮಲಗಬೇಕು. ಗಂಡ ಒಂದು ರಾತ್ರಿ ಅಲ್ಲಿ ತಂಗಿದರೂ ಅಪರಾಧ, ಪೊಲೀಸರು ಬಾಗಿಲು ಬಡಿಯುತ್ತಿದ್ದರು. ಅವಳ ಸ್ವಂತ ಮಕ್ಕಳು ದೂರದ ಹಳ್ಳಿಯಲ್ಲಿ ಅಜ್ಜಿಯ ಬಳಿ. ಆಫ್ರಿಕನ್ ಗಂಡಸರು ಹದಿನಾರು ತುಂಬಿದ ಮೇಲೆ ಪಾಸ್ ಪುಸ್ತಕವಿಲ್ಲದೆ ಮನೆಯಿಂದ ಕಾಲು ಹೊರಗಿಡುವಂತಿರಲಿಲ್ಲ. ಜನ ಅದನ್ನು 'ದೋಮ್‌ಪಾಸ್', ಅಂದರೆ ಪೆದ್ದು ಪಾಸು, ಎಂದು ಬೈಯುತ್ತಿದ್ದರು. ಹೆಂಗಸರಿಗೂ ಅದನ್ನು ಹೇರಲು ಹೊರಟಾಗ 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯಾದ ಸರ್ಕಾರಿ ಸೌಧದ ಮುಂದೆ ನಿಂತರು. ಪಾಸನ್ನು ವಿರೋಧಿಸಿ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಪಾಸ್ ಕಾಯ್ದೆ ಹೋದದ್ದು 1986ರಲ್ಲಿ.

ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳುವುದು? ಅಲ್ಲಿನ ಆತ್ಮಕಥೆಗಳನ್ನು ಓದುವಾಗ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ತಾಯಂದಿರು. 1984ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಟ್ರೆವರ್ ನೋವಾ ಇಂದು ಜಗತ್ತಿಗೆ ಗೊತ್ತಿರುವ ಹಾಸ್ಯಗಾರ. ತಾಯಿ ಖೋಸಾ ಜನಾಂಗದವರು, ತಂದೆ ಸ್ವಿಸ್ ದೇಶದ ಬಿಳಿಯ. ಅವರಿಬ್ಬರ ಸಂಬಂಧ ಅಂದಿನ ಕಾಯ್ದೆಯಲ್ಲಿ ಅಪರಾಧ. ಆದ್ದರಿಂದ ಅವರ ಆತ್ಮಕಥೆಯ ಹೆಸರಿನಲ್ಲೇ ತಾನು ಹುಟ್ಟಿದ್ದೇ ಅಪರಾಧ ಎಂಬ ಮಾತಿದೆ. ಉದ್ಯಾನಕ್ಕೆ ಹೋಗುವಾಗ ಪರಿಚಯದ ಒಬ್ಬ ಕಲರ್ಡ್ ಹೆಂಗಸು ಮಗುವಿನ ಜೊತೆ ತಾಯಿಯಂತೆ ನಡೆಯುತ್ತಿದ್ದರಂತೆ. ಹೆತ್ತ ತಾಯಿ ಕೆಲಸದವಳ ಹಾಗೆ ಕೆಲವು ಹೆಜ್ಜೆ ಹಿಂದೆ. ಒಮ್ಮೆ ಮಗು ಅಪ್ಪನನ್ನು ಕಂಡು ಕೂಗುತ್ತಾ ಹಿಂದೆ ಓಡಿತು. ಜನ ನೋಡತೊಡಗಿದರು. ಹೆದರಿದ ತಂದೆ ಮಗನಿಂದ ತಪ್ಪಿಸಿಕೊಂಡು ಓಡಿದ. ಮಗು ಅದನ್ನು ಆಟವೆಂದುಕೊಂಡು ಇನ್ನೂ ಜೋರಾಗಿ ಬೆನ್ನಟ್ಟಿತು. ಹಾಸ್ಯಗಾರನಾದ್ದರಿಂದ ಅವರು ಇದನ್ನು ನಗು ಬರುವಂತೆ ಬರೆದಿದ್ದಾರೆ. ಕಾಯ್ದೆ ಅಪ್ಪನನ್ನು ಮಗನಿಂದ ಓಡಿಸಿದ ಈ ಚಿತ್ರ ಯಾವ ಗೆಜೆಟ್ಟಿನಲ್ಲೂ ಇಲ್ಲ.

ಮನುಷ್ಯರನ್ನು ಬೇರೆ ಮಾಡಿದ ಮೇಲೆ ಬೀದಿಗಳನ್ನು ಬೇರೆ ಮಾಡುವ ಕೆಲಸ. ಜೋಹಾನ್ಸ್‌ಬರ್ಗ್‌ನ ಸೋಫಿಯಾಟೌನ್‌ನಲ್ಲಿ ಕಪ್ಪು ಜನರಿಗೂ ಸ್ವಂತ ಮನೆಗಳಿದ್ದವು. 1955ರ ಫೆಬ್ರವರಿ 9ರ ಬೆಳಗಿನ ಜಾವ ಸುಮಾರು 2,000 ಶಸ್ತ್ರಸಜ್ಜಿತ ಪೊಲೀಸರು ಬಂದು ಸಾಮಾನುಗಳನ್ನು ಲಾರಿಗೆ ತುಂಬತೊಡಗಿದರು. ಕೆಡವಿದ ಜಾಗದಲ್ಲಿ ಬಿಳಿಯರಿಗೆ ಕಟ್ಟಿದ ಬಡಾವಣೆಗೆ 'ಟ್ರಿಯೋಂಫ್', ಅಂದರೆ ವಿಜಯ, ಎಂದು ಹೆಸರಿಟ್ಟರು. ಹಳೆಯ ಹೆಸರು ಮರಳಿ ಬಂದದ್ದು 2006ರಲ್ಲಿ. ಆ ಬೀದಿಗಳಲ್ಲಿ ಬೆಳೆದ ಡಾನ್ ಮಟೇರಾ ಅವರ ಅಜ್ಜ ಇಟಲಿಯಿಂದ ಬಂದವರು, ತಾಯಿ ಆಫ್ರಿಕನ್. ಹದಿಹರೆಯದಲ್ಲಿ ಪುಂಡರ ಗುಂಪಿನ ನಾಯಕ, ಆಮೇಲೆ ಕವಿ, ಪತ್ರಕರ್ತ. ಮುಂದೆ ಅವರು ಇಸ್ಲಾಮ್ ಸ್ವೀಕರಿಸಿದರು. ಸರ್ಕಾರ ಅವರ ಮೇಲೆ ವರ್ಷಗಟ್ಟಲೆ ನಿರ್ಬಂಧ ಹೇರಿತ್ತು. 1987ರಲ್ಲಿ ಬಂದ ತಮ್ಮ ಆತ್ಮಕಥೆಗೆ ಅವರು ನೆನಪೇ ಆಯುಧ ಎಂಬರ್ಥದ ಹೆಸರಿಟ್ಟರು. 2022ರಲ್ಲಿ ತೀರಿಕೊಂಡರು.

ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಕೇರಿಯಲ್ಲಿ. 1867ರಲ್ಲಿ ನಗರದ ಆರನೆಯ ವಿಭಾಗವೆಂದು ಗುರುತಾದ್ದರಿಂದ ಆ ಹೆಸರು. ಬಿಡುಗಡೆ ಹೊಂದಿದ ಗುಲಾಮರ ಸಂತತಿ, ಮಲಾಯ್ ಮುಸ್ಲಿಮರು, ಯಹೂದಿ ವ್ಯಾಪಾರಿಗಳು, ಆಫ್ರಿಕನ್ನರು, ಗುಜರಾತಿನಿಂದ ಬಂದ ನಮ್ಮವರು, ಬಂದರಿನ ಕೂಲಿಗಳು, ದರ್ಜಿಗಳು, ಮೀನು ಮಾರುವವರು ಒತ್ತೊತ್ತಾಗಿ ಬದುಕಿದ ಜಾಗ. ಅಲ್ಲಿನ ಮುಸ್ಲಿಮರ ಇತಿಹಾಸವೇ ಗುಲಾಮಗಿರಿ ಮತ್ತು ಗಡೀಪಾರಿನಿಂದ ಶುರುವಾಗುತ್ತದೆ. ಇಂದಿನ ಇಂಡೋನೇಷ್ಯಾದ ತಿದೋರೆಯ ರಾಜವಂಶದ ತುವಾನ್ ಗುರುವನ್ನು ಡಚ್ಚರು 1780ರಲ್ಲಿ ಹಿಡಿದು ತಂದು ರಾಬೆನ್ ದ್ವೀಪದಲ್ಲಿ ಇಟ್ಟರು. ಅವರು ಅಲ್ಲಿ ಕುರ್‌ಆನನ್ನು ನೆನಪಿನಿಂದಲೇ ಬರೆದರು. ಬಿಡುಗಡೆಯಾದ ಮೇಲೆ ಕೇಪ್‌ಟೌನಿನಲ್ಲಿ ಮದ್ರಸ ತೆರೆದರು. ಅಲ್ಲಿನ ಮದ್ರಸಗಳಲ್ಲಿ ಮಕ್ಕಳಿಗೆ ಪಾಠ ಹೇಳಲು ಆಫ್ರಿಕಾನ್ಸ್ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ರೂಢಿ ಬೆಳೆಯಿತು. ಅರಬ್ಬಿ-ಮಲಯಾಳಂ ಬಲ್ಲ ನಮ್ಮ ಕರಾವಳಿಯವರಿಗೆ ಇದು ಹೊಸದೆನಿಸದು. ಮುಂದೆ ಬಿಳಿಯ ಆಳರಸರು ತಮ್ಮ ಜನಾಂಗದ ಪವಿತ್ರ ಸೊತ್ತೆಂದು ಮೆರೆಸಿದ ಭಾಷೆಯ ಮೊದಮೊದಲ ಬರಹಗಳಲ್ಲಿ ಗುಲಾಮರ ಮಕ್ಕಳ ಮದ್ರಸದ ಪುಸ್ತಕಗಳೂ ಇವೆ.

ಡಿಸ್ಟ್ರಿಕ್ಟ್ ಸಿಕ್ಸ್ ಸ್ವರ್ಗವಾಗಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಮನೆಗಳು ಇಕ್ಕಟ್ಟು, ಬಾಡಿಗೆ ತೆಗೆದುಕೊಳ್ಳುವ ಮಾಲೀಕರು ಗೋಡೆ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ, ಪುಂಡರ ಗುಂಪುಗಳಿದ್ದವು. ಎಲ್ಲ ಜನಾಂಗದವರೂ ಅಲ್ಲಿ ಕೂಡಿ ಬಾಳಿದರು ಎಂಬ ಹಾಡಿನಲ್ಲಿ ಒಂದು ಮರೆವೂ ಇದೆ. 1901ರಲ್ಲಿ ಪ್ಲೇಗ್ ಬಂದಾಗ ಆಫ್ರಿಕನ್ನರನ್ನು ಮೊದಲು ಅಲ್ಲಿಂದ ಹೊರಹಾಕಿದ್ದರು. 1966ರ ಕಣ್ಣೀರಿನ ಹಿಂದೆ ಅರವತ್ತೈದು ವರ್ಷ ಹಳೆಯ ಇನ್ನೊಂದು ಕಣ್ಣೀರಿದೆ.

ಆದರೂ ಆ ಕೇರಿಯ ನೆನಪುಗಳಲ್ಲಿ ಬರುವ ರಮಝಾನ್ ಸಂಜೆಯನ್ನು ನಾವು ಗುರುತು ಹಿಡಿಯಬಲ್ಲೆವು. ಕೇಪ್‌ಟೌನಿನ ಮುಸ್ಲಿಮರಲ್ಲಿ ಇಫ್ತಾರಿನ ಹೊತ್ತಿಗೆ ಮುಂಚೆ ಮಕ್ಕಳ ಕೈಯಲ್ಲಿ ಮುಚ್ಚಿದ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಒಂದು ಮನೆಯ ತಿಂಡಿ ಹೋಗುತ್ತದೆ, ಇನ್ನೊಂದು ಮನೆಯ ತಿಂಡಿ ಅದೇ ತಟ್ಟೆಯಲ್ಲಿ ಮರಳುತ್ತದೆ. ಖಾಲಿ ತಟ್ಟೆ ಮರಳಿಸುವುದು ನಮ್ಮಲ್ಲೂ ಸಂಪ್ರದಾಯವಲ್ಲವಷ್ಟೆ. ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಆ ತಟ್ಟೆಗಳು ಕ್ರೈಸ್ತರ ಮನೆಗೂ ಹೋಗುತ್ತಿದ್ದವು.

1966ರ ಫೆಬ್ರವರಿ 11ರಂದು ಸರ್ಕಾರ ಆ ಜಾಗವನ್ನು ಬಿಳಿಯರ ಪ್ರದೇಶವೆಂದು ಘೋಷಿಸಿತು. ಮುಂದಿನ ಹದಿನೈದು ಹದಿನಾರು ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಹೊರಗೆ ಸಾಗಿಸಿದರು. ಬುಲ್ಡೋಜರುಗಳು ಬೀದಿಗೆ ಬೀದಿಯನ್ನೇ ಕೆಡವಿದವು. ಜನ ಹೋಗಿ ಬಿದ್ದದ್ದು ನಗರದಾಚೆ ಮರಳು, ಗಾಳಿಯ ಬಯಲಿನಲ್ಲಿ ಕಟ್ಟಿದ ಹ್ಯಾನೋವರ್ ಪಾರ್ಕ್, ಮನೆನ್‌ಬರ್ಗ್, ಮಿಚೆಲ್ಸ್ ಪ್ಲೇನ್‌ನಂಥ ಕಡೆಗಳಲ್ಲಿ. ಒಂದೇ ಗಲ್ಲಿಯ ನೆರೆಯವರು ಬೇರೆ ಬೇರೆ ದಿಕ್ಕಿಗೆ ಚೆಲ್ಲಿಹೋದರು. ಡಿಸ್ಟ್ರಿಕ್ಟ್ ಸಿಕ್ಸ್‌ನ ಮುಖ್ಯ ಬೀದಿಯ ಹೆಸರು ಹ್ಯಾನೋವರ್ ಸ್ಟ್ರೀಟ್. ಬೀದಿಯನ್ನು ಕೆಡವಿ ಹೆಸರನ್ನು ಮರಳುಗಾಡಿಗೆ ಕಳಿಸಿದ ಹಾಗಾಯಿತು.

ಮಸೀದಿ ಮತ್ತು ಚರ್ಚುಗಳನ್ನು ಮಾತ್ರ ಕೆಡವಲಿಲ್ಲ. ಸುತ್ತ ಬಯಲು, ನಡುವೆ ಮಿನಾರ. ಜುಮಾ ದಿನ ಜನ ಹತ್ತಾರು ಕಿಲೋಮೀಟರ್ ದೂರದಿಂದ ಬಸ್ಸು, ರೈಲು ಹಿಡಿದು ಮ್ಯೂರ್ ಸ್ಟ್ರೀಟ್ ಮಸೀದಿಗೆ ಬಂದು ನಮಾಝ್ ಮುಗಿಸಿ ಮರಳುತ್ತಿದ್ದರು. ಮನೆಗಳಿಲ್ಲದ ಊರಿನಲ್ಲಿ ಅಝಾನ್ ಮೊಳಗುತ್ತಿತ್ತು.

ಆ ಕೇರಿಯಲ್ಲಿ ಹುಟ್ಟಿ ಬೆಳೆದ ನೂರ್ ಇಬ್ರಾಹಿಂ ಅವರು ತಮ್ಮ ನೆನಪುಗಳನ್ನು ಪುಸ್ತಕವಾಗಿ ಬರೆದಿದ್ದಾರೆ. ಅವರ ಅಜ್ಜ ಸೂರತ್‌ನಿಂದ ಹೋದವರು. ಕ್ಯಾಲೆಡನ್ ಸ್ಟ್ರೀಟಿನಲ್ಲಿ ಅವರ ಮನೆ. ನೂರ್ ಪಾರಿವಾಳ ಸಾಕುತ್ತಿದ್ದರು. ಮನೆ ಬಿಡಬೇಕಾದಾಗ ಐವತ್ತರಷ್ಟು ಪಾರಿವಾಳಗಳನ್ನೂ ಅಥ್ಲೋನ್‌ನ ಹೊಸ ಮನೆಗೆ ಒಯ್ದು ಗೂಡು ಕಟ್ಟಿದರು. ಮೂರು ತಿಂಗಳು ಗೂಡಿನಲ್ಲೇ ಇಟ್ಟು, ಇನ್ನು ಜಾಗ ರೂಢಿಯಾಗಿರಬೇಕೆಂದು ಒಂದು ಬೆಳಿಗ್ಗೆ ಹಾರಬಿಟ್ಟರು. ಸಂಜೆ ಕೆಲಸದಿಂದ ಬಂದು ನೋಡಿದರೆ ಒಂದೂ ಮರಳಿರಲಿಲ್ಲ. ಮರುದಿನ ಡಿಸ್ಟ್ರಿಕ್ಟ್ ಸಿಕ್ಸ್ ದಾರಿಯಾಗಿ ಹೋಗುವಾಗ ತಮ್ಮ ಮನೆಯಿದ್ದ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿದರು. ಪಾರಿವಾಳಗಳೆಲ್ಲ ಅಲ್ಲಿ ನೆಲದ ಮೇಲೆ ಕೂತಿದ್ದವು. ಕಥೆಗಾರನೊಬ್ಬ ಇದನ್ನು ಕಲ್ಪಿಸಿ ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಹೊಡೆದು ಹಾಕುತ್ತಿದ್ದರೇನೋ.

ಹೊಸ ಬಡಾವಣೆಗಳಲ್ಲಿ ಬದುಕು ಹೇಗಿತ್ತು? ವಿದ್ವಾಂಸ ಫರೀದ್ ಇಸಾಕ್ ಕುಟುಂಬವನ್ನೂ ಇದೇ ಗ್ರೂಪ್ ಏರಿಯಾಸ್ ಕಾಯ್ದೆ ಬಾಂಟೆಹ್ಯೂವೆಲ್ ಎಂಬಲ್ಲಿಗೆ ಎತ್ತಿ ಹಾಕಿತ್ತು. ತಂದೆ ಬಿಟ್ಟುಹೋಗಿದ್ದರು. ತಾಯಿ ಕಾರ್ಖಾನೆಯಲ್ಲಿ ದುಡಿದು ಗಂಡುಮಕ್ಕಳ ದೊಡ್ಡ ಸಂಸಾರವನ್ನು ಸಾಕಿ ಐವತ್ತೆರಡಕ್ಕೇ ತೀರಿಕೊಂಡರು. ಆ ದಿನಗಳಲ್ಲಿ ತಮ್ಮನ್ನು ಹಸಿವಿನಿಂದ ಕಾಪಾಡಿದ್ದು ಅಕ್ಕಪಕ್ಕದ ಕ್ರೈಸ್ತ ಹೆಂಗಸರ ಮನೆಯ ಅನ್ನ, ಸಕ್ಕರೆ ಎಂದು ಇಸಾಕ್ ನೆನೆಯುತ್ತಾರೆ. ಅನ್ಯಧರ್ಮೀಯರೊಂದಿಗಿನ ಸಖ್ಯದ ಬಗ್ಗೆ ಕುರ್‌ಆನ್ ಏನು ಹೇಳುತ್ತದೆಂದು ಅವರು ಮುಂದೆ ಬರೆದ ಗ್ರಂಥಗಳ ಹಿಂದೆ ಆ ಅಡುಗೆಮನೆಗಳಿವೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮವರೆಲ್ಲ ನೊಂದವರ ಸಾಲಿನಲ್ಲಿ ಚೆನ್ನಾಗಿ ನಿಂತುಬಿಡುತ್ತಾರೆ. ವಿಷಯ ಅಷ್ಟು ಸರಳವಿಲ್ಲ. ವರ್ಣಭೇದ ನೀತಿ ಮೇಲೊಬ್ಬ ಕೆಳಗೊಬ್ಬ ಎಂಬ ಎರಡು ಮೆಟ್ಟಿಲುಗಳ ವ್ಯವಸ್ಥೆಯಾಗಿರಲಿಲ್ಲ. ನಡುವೆ ಹಲವು ಮೆಟ್ಟಿಲುಗಳಿದ್ದವು, ಪ್ರತಿ ಮೆಟ್ಟಿಲಿನವನಿಗೂ ಕೆಳಗಿನವನಿಗಿಂತ ಒಂದು ಚಮಚ ಸಕ್ಕರೆ ಹೆಚ್ಚು. ಇದು ಉಪಮೆಯಲ್ಲ. ಅಹ್ಮದ್ ಕಥ್ರಾಡಾ ಅವರ ನೆನಪುಗಳಲ್ಲಿ ಸಕ್ಕರೆಯ ಲೆಕ್ಕವೇ ಇದೆ.

ಕಥ್ರಾಡಾ ಗುಜರಾತಿ ಮುಸ್ಲಿಮ್ ವ್ಯಾಪಾರಿಯ ಮಗ, ಶ್ವೈಜರ್-ರೆನೆಕೆ ಎಂಬ ಸಣ್ಣ ಊರಿನಲ್ಲಿ 1929ರಲ್ಲಿ ಹುಟ್ಟಿದವರು. ಅಲ್ಲಿ ಬಿಳಿಯರಿಗೆ ಒಂದು ಶಾಲೆ, ಕಪ್ಪು ಜನರಿಗೆ ಒಂದು ಶಾಲೆ. ಭಾರತೀಯ ಹುಡುಗನಿಗೆ ಎರಡರಲ್ಲೂ ಜಾಗವಿಲ್ಲ. ಎಂಟು ವರ್ಷದ ಮಗುವನ್ನು ಓದಿಗಾಗಿ ದೂರದ ಜೋಹಾನ್ಸ್‌ಬರ್ಗ್‌ಗೆ ಕಳಿಸಿದರು. ಮುಂದೆ ಮಂಡೇಲಾ ಜೊತೆ ಅವರಿಗೂ 1964ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅದೇ ಮೊಕದ್ದಮೆಯಲ್ಲಿ ಅದೇ ಶಿಕ್ಷೆ ಪಡೆದ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರು. ಅವರನ್ನು ರಾಬೆನ್ ದ್ವೀಪಕ್ಕೆ ಕಳಿಸದೆ ಪ್ರಿಟೋರಿಯಾದ ಬಿಳಿಯರ ಜೈಲಿನಲ್ಲಿ ಇಟ್ಟರು. ಸರ್ಕಾರ ಉರುಳಿಸಲು ಒಟ್ಟಿಗೆ ಸಂಚು ಮಾಡಿದವರಾದರೂ ಜೈಲಿನಲ್ಲಿ ಒಟ್ಟಿಗೆ ಇರಬಾರದು! ದ್ವೀಪದಲ್ಲಿ ಉಡುಪು ಹಂಚಿದಾಗ 34 ವರ್ಷದ ಕಥ್ರಾಡಾ ಅವರಿಗೆ, ಭಾರತೀಯರಾದ್ದರಿಂದ, ಉದ್ದ ಪ್ಯಾಂಟು, ಕಾಲುಚೀಲ. ಅವರಿಗಿಂತ ಹನ್ನೊಂದು ವರ್ಷ ಹಿರಿಯರಾದ ಮಂಡೇಲಾ ಅವರಿಗೆ ಚಡ್ಡಿ, ಚಳಿಯಲ್ಲಿ ಕಾಲುಚೀಲವಿಲ್ಲ. ಆಫ್ರಿಕನ್ ಗಂಡಸು ಎಷ್ಟೇ ವಯಸ್ಸಾದರೂ 'ಹುಡುಗ' ಅಲ್ಲವೇ? ಭಾರತೀಯರಿಗೂ ಕಲರ್ಡ್ ಕೈದಿಗಳಿಗೂ ಬ್ರೆಡ್ಡು ಇತ್ತು, ಆಫ್ರಿಕನ್ನರಿಗೆ ಇಲ್ಲ. ಸಕ್ಕರೆಯಲ್ಲೂ ಕೊಬ್ಬಿನಲ್ಲೂ ವ್ಯತ್ಯಾಸ. ಕಥ್ರಾಡಾ ಅವರಿಗೆ ಆ ಹೆಚ್ಚಿನ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಆದರೆ ಸಿಕ್ಕಿದ್ದನ್ನು ಬಿಟ್ಟುಕೊಡುವುದು ಬೇಡ, ಎಲ್ಲರಿಗೂ ಸಮನಾಗಿ ಸಿಗುವಂತೆ ಹೋರಾಡೋಣ ಎಂಬುದು ಸಂಗಾತಿಗಳ ತೀರ್ಮಾನವಾಗಿತ್ತು. ಆ ಹೋರಾಟ ವರ್ಷಗಟ್ಟಲೆ ಹಿಡಿಯಿತು. ತುವಾನ್ ಗುರು ಸೆರೆಯಲ್ಲಿದ್ದ ಅದೇ ದ್ವೀಪದಲ್ಲಿ ಕಥ್ರಾಡಾ 18 ವರ್ಷ ಇದ್ದರು. ಒಟ್ಟು 26 ವರ್ಷದ ಸೆರೆವಾಸದಲ್ಲಿ ತನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತಿದ್ದದ್ದು ಮಕ್ಕಳು ಎಂದು ಅವರು ಹೇಳುತ್ತಿದ್ದರು.

ಜೈಲಿನ ಹೊರಗೆ ಎಲ್ಲರಿಗೂ ಆ ತುತ್ತು ಗಂಟಲಲ್ಲಿ ನಿಲ್ಲಲಿಲ್ಲ. ಕೇಪ್‌ಟೌನಿನ ಬೋ-ಕಾಪ್ ಬಡಾವಣೆಯನ್ನು ಸರ್ಕಾರ ಮಲಾಯ್ ಪ್ರದೇಶವೆಂದು ಉಳಿಸಿತು. ಅಲ್ಲಿನ ಬಣ್ಣಬಣ್ಣದ ಮನೆಗಳ ಮುಂದೆ ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ಹಾಗೆ ಉಳಿಸಲು ಅಲ್ಲಿದ್ದ ಮಲಾಯ್ ಅಲ್ಲದವರನ್ನು ಖಾಲಿ ಮಾಡಿಸಿದ್ದರು ಎಂಬುದು ಫೋಟೋದಲ್ಲಿ ಕಾಣುವುದಿಲ್ಲ. ಡರ್ಬನ್‌ನಲ್ಲಿ 1949ರ ಜನವರಿಯಲ್ಲಿ ಝುಲು ಜನ ಭಾರತೀಯರ ಮೇಲೆ ಮುಗಿಬಿದ್ದು ನಡೆದ ಗಲಭೆಯಲ್ಲಿ 142 ಜನ ಸತ್ತರು. ತಮ್ಮ ನೇರ ಮೇಲಿನ ಮೆಟ್ಟಿಲಿನಲ್ಲಿ, ಅಂಗಡಿಯ ಗಲ್ಲಾದ ಹಿಂದೆ, ದಿನಾ ಅವರ ಕಣ್ಣಿಗೆ ಬೀಳುತ್ತಿದ್ದವನು ಭಾರತೀಯ ವ್ಯಾಪಾರಿ. ತುದಿಯ ಮೆಟ್ಟಿಲಿನವನು ಅವರ ಕೈಗೆ ಎಟುಕುವಂತಿರಲಿಲ್ಲ. 1984ರಲ್ಲಿ ಸರ್ಕಾರ ಕಪ್ಪು ಜನರನ್ನು ಹೊರಗಿಟ್ಟು ಭಾರತೀಯರಿಗೂ ಕಲರ್ಡ್ ಜನರಿಗೂ ಒಂದೊಂದು ಸದನ ಕೊಟ್ಟಿತು. ಹೊಸ ಬಗೆಯ ಉದ್ದ ಪ್ಯಾಂಟು. ನೋಂದಾಯಿತ ಭಾರತೀಯ ಮತದಾರರಲ್ಲಿ ಐವರಲ್ಲಿ ಒಬ್ಬರಷ್ಟೇ ಮತ ಹಾಕಿದರು. ಉಳಿದ ನಾಲ್ವರನ್ನು ನಾವು ಮೆಚ್ಚುತ್ತೇವೆ. ಆ ಒಬ್ಬನನ್ನೂ ಇತಿಹಾಸದಲ್ಲಿ ಬರೆಯಬೇಕು.

ಧರ್ಮಗುರುಗಳ ಮಾತೂ ಹಾಗೆಯೇ. ಕೇಪ್‌ಟೌನಿನ ಸ್ಟೆಗ್‌ಮನ್ ರೋಡ್ ಮಸೀದಿಯ ಇಮಾಮ್ ಅಬ್ದುಲ್ಲಾ ಹಾರೂನ್ ಆಫ್ರಿಕನ್ ಬಡಾವಣೆಗಳಾದ ಲಂಗಾ, ಗುಗುಲೆಟುಗಳಿಗೆ ಹೋಗಿ ಬರುತ್ತಿದ್ದರು, ಜೈಲಿಗೆ ಹೋದವರ ಮನೆಗಳಿಗೆ ನೆರವು ಮುಟ್ಟಿಸುತ್ತಿದ್ದರು. 1969ರ ಮೇ 28ರಂದು, ಮೀಲಾದ್ ದಿನ, ಅವರನ್ನು ಬಂಧಿಸಿದರು. 123 ದಿನ ಹೊರಲೋಕದ ಸಂಪರ್ಕವಿಲ್ಲದೆ ಇಟ್ಟರು. ಸೆಪ್ಟೆಂಬರ್ 27ರಂದು ಅವರು ಸತ್ತರು. ಮೆಟ್ಟಿಲಿನಿಂದ ಬಿದ್ದರು ಎಂದು ಪೊಲೀಸರು ಹೇಳಿದರು. ಜನಾಝಾದಲ್ಲಿ ಹತ್ತಾರು ಸಾವಿರ ಜನ ನಡೆದರು. ಅದೇ ರಾತ್ರಿ ಕೇಪ್ ಪ್ರಾಂತ್ಯದಲ್ಲಿ ಭೂಕಂಪವಾಯಿತು, ಅದನ್ನು ಅಲ್ಲಿನ ಹಿರಿಯರು ಇಂದಿಗೂ ಇಮಾಮರ ಹೆಸರಿನೊಂದಿಗೇ ನೆನೆಯುತ್ತಾರೆ. ಅವರು ಬದುಕಿ ಸೆರೆಯಲ್ಲಿದ್ದಾಗ ಮಾತ್ರ ಉಲಮಾಗಳಲ್ಲಿ ಹೆಚ್ಚಿನವರು ಬಾಯಿ ಬಿಟ್ಟಿರಲಿಲ್ಲ. ಸಾವಿನ ವಿಚಾರಣೆ 2022ರಲ್ಲಿ ಮತ್ತೆ ತೆರೆಯಿತು. 2023ರ ಅಕ್ಟೋಬರ್‌ನಲ್ಲಿ ನ್ಯಾಯಾಲಯವು ಅದು ಚಿತ್ರಹಿಂಸೆಯಿಂದಾದ ಸಾವು, ಪೊಲೀಸರೇ ಹೊಣೆ ಎಂದು ಹೇಳಿತು. ಐವತ್ತನಾಲ್ಕು ವರ್ಷ ತಡವಾಗಿಯಾದರೂ ಇಮಾಮರ ಸಾವು ಒಂದು ದಫ್ತರಿಗೆ ಸೇರಿತು.

ತಗಡಿನ ಲೋಟ ಯಾವ ದಫ್ತರಿಗೆ ಸೇರಬೇಕು? 1996ರಿಂದ ಆರ್ಚ್‌ಬಿಷಪ್ ಟುಟು ಅವರ ನೇತೃತ್ವದಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ಊರೂರಿನಲ್ಲಿ ಕೂತು ಸುಮಾರು 21,000 ಜನರ ಹೇಳಿಕೆ ಬರೆದುಕೊಂಡಿತು. ಕೊಲೆ, ಅಪಹರಣ, ಚಿತ್ರಹಿಂಸೆ, ತೀವ್ರ ದೌರ್ಜನ್ಯ, ಇಷ್ಟನ್ನೇ ಕೇಳಲು ಅದಕ್ಕೆ ಅಧಿಕಾರವಿದ್ದದ್ದು. 1960ರಿಂದ 1983ರೊಳಗೆ ಮನೆ ಕಳೆದುಕೊಂಡ ಸುಮಾರು 35 ಲಕ್ಷ ಜನ, ಪಾಸ್ ಇಲ್ಲವೆಂದು ಠಾಣೆ ಕಂಡವರು, ಮಗುವಿನ ಹಿಂದೆ ಕೆಲಸದವಳಂತೆ ನಡೆದ ತಾಯಿ, ಇವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಕಾಯ್ದೆಗೆ ಅನುಸಾರವಾಗಿಯೇ ನಡೆದ ಅನ್ಯಾಯವನ್ನು ಆಯೋಗ ಬಲಿಪಶುಗಳ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ ಎಂದು ಆಗ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿದ್ದ ವಿದ್ವಾಂಸ ಮಹಮೂದ್ ಮಮ್ದಾನಿ ಟೀಕಿಸಿದರು. ಅವರ ಟೀಕೆ ಸರಿಯೆಂದೇ ನಮ್ಮ ಅಭಿಪ್ರಾಯ. ಹೊಡೆದವನ ಹೆಸರು ಹೇಳಬಹುದು. ಬೆಂಚಿನ ಮೇಲಿನ ಫಲಕಕ್ಕೆ ಯಾರ ಹೆಸರು ಹೇಳುವುದು?

ಆಯೋಗದಲ್ಲಿ ಕುರ್ಚಿ ಸಿಗದವರಿಗೆ ಡಿಸ್ಟ್ರಿಕ್ಟ್ ಸಿಕ್ಸ್‌ನ ಜನ ಒಂದು ನೆಲ ಹಾಸಿದರು. 1994ರ ಡಿಸೆಂಬರ್ 10ರಂದು ಅಲ್ಲಿನ ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ನೆಲದ ತುಂಬ ಕೇರಿಯ ನಕ್ಷೆ. ಬಂದವರು ಮಂಡಿಯೂರಿ ತಮ್ಮ ಮನೆಯಿದ್ದ ಜಾಗದಲ್ಲಿ ಹೆಸರು ಬರೆದರು, ಇಲ್ಲಿ ಬೇಕರಿ, ಇಲ್ಲಿ ದರ್ಜಿ ಎಂದು ಗುರುತು ಮಾಡಿದರು. ಉದ್ದನೆಯ ಬಟ್ಟೆಯ ಮೇಲೆ ಬರೆದ ಮಾತುಗಳನ್ನು ಹೆಂಗಸರು ಆಮೇಲೆ ಕಸೂತಿ ಹಾಕಿ ಗಟ್ಟಿ ಮಾಡಿದರು. ಕೇರಿಯನ್ನು ಕೆಡವುವ ಕೆಲಸದ ಮೇಲ್ವಿಚಾರಣೆ ಮಾಡಿದ್ದವನೊಬ್ಬ 75ರಷ್ಟು ಬೀದಿ ಫಲಕಗಳನ್ನು ಎಸೆಯದೆ ತನ್ನ ನೆಲಮಾಳಿಗೆಯಲ್ಲಿ ಇಟ್ಟುಕೊಂಡಿದ್ದ. ಅವು ಈಗ ಅಲ್ಲಿ ಸಾಲಾಗಿ ತೂಗುತ್ತಿವೆ. ಕೆಡವಿದವನೇ ಯಾಕೆ ಕೂಡಿಟ್ಟ ಎಂಬ ಪ್ರಶ್ನೆ ಒಂದು ಇಡೀ ಕಾದಂಬರಿಯನ್ನು ಬೇಡುತ್ತದೆ.

ಬಿಳಿಯರಿಗೆಂದು ತೆರವು ಮಾಡಿದ ಆ ನೆಲದಲ್ಲಿ ಒಂದು ತಾಂತ್ರಿಕ ಕಾಲೇಜು ಮತ್ತು ಕೆಲವು ಕಟ್ಟಡಗಳು ಎದ್ದವು. ಬಹುಪಾಲು ಜಾಗದಲ್ಲಿ ಮನೆ ಕಟ್ಟಲು ಯಾರೂ ಮುಂದೆ ಬರಲಿಲ್ಲ, ಹುಲ್ಲು ಬೆಳೆಯಿತು. 1994ರ ಭೂಮಿ ಮರಳಿಸುವ ಕಾಯ್ದೆಯಡಿ ಜನ ಅರ್ಜಿ ಹಾಕಿದರು. 2004ರ ಫೆಬ್ರವರಿ 11ರಂದು ಮೊದಲ ಇಬ್ಬರಿಗೆ ಮಂಡೇಲಾ ಕೀಲಿಕೈ ಕೊಟ್ಟರು. 87 ವರ್ಷದ ಇಬ್ರಾಹಿಂ ಮುರಾತ್, 82 ವರ್ಷದ ಡ್ಯಾನ್ ನ್ಡ್ಝಬೇಲಾ. ಅಷ್ಟು ಬೇಗ ಉಳಿದವರ ಸರದಿ ಬರಲಿಲ್ಲ. ಅರ್ಜಿ ಹಾಕಿದ ಎಷ್ಟೋ ಮುದುಕರು ಕಾಯುತ್ತಲೇ ತೀರಿಕೊಂಡರು, ಅವರ ಮಕ್ಕಳು ಸರ್ಕಾರದ ವಿರುದ್ಧ ಕೋರ್ಟಿಗೆ ಹೋದರು. ಪ್ರತಿ ವರ್ಷ ಫೆಬ್ರವರಿ 11ರಂದು ಹಳೆಯ ನಿವಾಸಿಗಳು ವಸ್ತುಸಂಗ್ರಹಾಲಯದಿಂದ ಹೊರಟು ಆ ಬಯಲಿಗೆ ನಡೆದು ಹೋಗುತ್ತಾರೆ. ಅಲ್ಲೊಂದು ಕಲ್ಲುಗುಪ್ಪೆ ಇದೆ. ಹೋದವರು ಅದರ ಮೇಲೆ ಒಂದೊಂದು ಕಲ್ಲು ಇಟ್ಟು ಬರುತ್ತಾರೆ.